ನಿಂತ ಯಂತ್ರ, ನಿಂತ ಮನಸ್ಸು



ನಮ್ಮಲ್ಲಿ ಬಹುತೇಕ ಮನೆಗಳಲ್ಲಿ ನಿಂತುಹೋದ ವಸ್ತುವೊಂದು ಇದ್ದೇ ಇರುತ್ತದೆ. ಹಿತ್ತಿಲಲ್ಲಿ ಗೋಣಿಚೀಲ ಹೊದ್ದು ಕುಳಿತ ಪಂಪು, ಅಟ್ಟದ ಮೇಲಿನ ಹೊಲಿಗೆ ಯಂತ್ರ, ಕೊಟ್ಟಿಗೆಯ ಗೋಡೆಗೆ ಒರಗಿದ ಸ್ಕೂಟರು. ಎಸೆಯಲು ಮನಸ್ಸು ಬಾರದು, ಸರಿಪಡಿಸಲು ಕೈ ಹೋಗದು. ವರ್ಷಗಳು ಉರುಳಿದಂತೆ ಅದರ ಸುತ್ತ ನಡೆದಾಡುವುದೇ ನಮಗೆ ರೂಢಿಯಾಗಿಬಿಡುತ್ತದೆ. ಅಂತಹ ಒಂದು ಯಂತ್ರದ ಕುರಿತು, ಅದರೊಳಗಿನ ಕಾರ್ಬ್ಯುರೇಟರ್ ಎಂಬ ಪುಟ್ಟ ಅಂಗದ ಕುರಿತು ಈ ತಿಂಗಳು ನಿಮ್ಮೊಡನೆ ಮಾತನಾಡುವ ಆಸೆ ನನ್ನದು.

ಪೆಟ್ರೋಲು ತಾನೇ ತಾನಾಗಿ ಎಂಜಿನನ್ನು ಓಡಿಸಲಾರದು. ಅದು ಸೂಕ್ಷ್ಮ ಹನಿಗಳಾಗಿ ಒಡೆದು, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು. ಈ ಬೆರಕೆಯನ್ನು ಸಿದ್ಧಪಡಿಸುವುದೇ ಕಾರ್ಬ್ಯುರೇಟರಿನ ಕಾಯಕ. ಅದರ ನಡುವಿನ ದಾರಿ ಒಂದೆಡೆ ಕಿರಿದಾಗಿದೆ. ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಕುಗ್ಗುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲು ಜೆಟ್ ಎಂಬ ಹಿತ್ತಾಳೆಯ ತುಂಡಿನ ಸಣ್ಣ ರಂಧ್ರದ ಮೂಲಕ ಮೇಲೇರಿ ಗಾಳಿಯಲ್ಲಿ ಚದುರುತ್ತದೆ. ಈ ಕಿರಿದಾದ ದಾರಿಗೆ ವೆಂಚುರಿ ಎಂದು ಹೆಸರು. ಆ ಹೆಸರು ಇಟಲಿಯ ಭೌತವಿಜ್ಞಾನಿ ಜೊವಾನ್ನಿ ಬತ್ತಿಸ್ತಾ ವೆಂಚುರಿಯವರದು. 1746ರಲ್ಲಿ ಜನಿಸಿದ ಅವರು 1769ರಲ್ಲಿ ಗುರುದೀಕ್ಷೆ ಪಡೆದ ಕಥೋಲಿಕ ಗುರುಗಳೂ ಆಗಿದ್ದರು. ಕೊಳವೆಗಳಲ್ಲಿ ನೀರು ಹರಿಯುವ ಬಗೆಯನ್ನು ಪರೀಕ್ಷಿಸಿ 1797ರಲ್ಲಿ ಅವರು ಪ್ರಕಟಿಸಿದ ಅರಿವು, ಅವರು ಕಂಡೇ ಇರದ ಎಂಜಿನುಗಳಿಗೆ ಉಸಿರಾಯಿತು. ಹೊಸ ದ್ವಿಚಕ್ರ ವಾಹನಗಳಲ್ಲಿ ಬಿ.ಎಸ್.-6 ನಿಯಮ ಜಾರಿಗೆ ಬಂದ 2020ರ ನಂತರ ಕಾರ್ಬ್ಯುರೇಟರಿನ ಜಾಗವನ್ನು ಬಹುಮಟ್ಟಿಗೆ ಇಂಧನ ಇಂಜೆಕ್ಷನ್ ಪಡೆದುಕೊಂಡಿದೆ. ಆದರೂ ಹುಲ್ಲು ಕತ್ತರಿಸುವ ಯಂತ್ರ, ಸಣ್ಣ ಪಂಪು, ಸಣ್ಣ ಜನರೇಟರುಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ.

ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ಅಂತಹ ಜನರೇಟರೊಂದು ಎರಡು ವರ್ಷದಿಂದ ಜಗಲಿಯ ಮೂಲೆಯಲ್ಲಿ ನಿಂತಿತ್ತು. ಮನೆಯ ಯಜಮಾನರು ಶಾಮಿಯಾನ, ಮೈಕ್‌ಸೆಟ್ಟಿನ ವೃತ್ತಿಯವರು. ಹಬ್ಬದ ಮೆರವಣಿಗೆಯ ದೀಪಗಳಿಗೆಂದು ಟ್ಯಾಂಕು ತುಂಬಿಸಿಟ್ಟ ರಾತ್ರಿಯೇ ಹೃದಯಾಘಾತದಿಂದ ಪ್ರಭುವಿನಲ್ಲಿ ನಿದ್ರಿಸಿದರು. ಕುಟುಂಬ ಭೇಟಿಗೆ ಹೋದಾಗ ಅವರ ಪತ್ನಿ, "ಸ್ವಾಮಿ, ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಿದ್ದಾನೆ. ಕೊಟ್ಟುಬಿಡೋಣವೆಂದರೆ ಇವನು ಮುಟ್ಟಲು ಬಿಡುವುದಿಲ್ಲ. ಈ ವಿಷಯಕ್ಕೆ ನನ್ನೊಡನೆ ಮಾತೇ ಬಿಟ್ಟಿದ್ದಾನೆ" ಎಂದರು. ಪಿಯುಸಿ ಓದುತ್ತಿದ್ದ ಮಗ ತಲೆ ತಗ್ಗಿಸಿಯೇ ನುಡಿದ: "ಅಪ್ಪ ಹಾಕಿದ ಪೆಟ್ರೋಲು ಇನ್ನೂ ಅದರಲ್ಲೇ ಇದೆ, ಫಾದರ್."

ಗುರುಮಠದ ದಿನಗಳಲ್ಲಿ ತೋಟದ ಪಂಪನ್ನು ನೋಡಿಕೊಳ್ಳುವ ಹೊಣೆ ನನ್ನದಾಗಿತ್ತು. ಆ ಪರಿಚಯದ ಬಲದಿಂದ, "ಮಾರುವ ಮಾತು ಆಮೇಲೆ ಇರಲಿ, ಮೊದಲು ಬಿಚ್ಚಿ ನೋಡೋಣ" ಎಂದೆ. ಶನಿವಾರ ಮಧ್ಯಾಹ್ನ ಅಂಗಳದಲ್ಲಿ, ಅಡುಗೆಮನೆಯ ಬೆಂಕಿಯಿಂದ ದೂರದಲ್ಲಿ, ಹಳೆಯ ಬಿಳಿ ಪಂಚೆಯೊಂದನ್ನು ಹಾಸಿ ಕುಳಿತೆವು. ಪ್ಲಗ್ಗಿನ ವೈರನ್ನು ಮೊದಲು ಕಳಚಿದೆವು.

ಮೊದಲ ಕೆಲಸವೇ ಎಲ್ಲಕ್ಕಿಂತ ಕಠಿಣವಾಗಿತ್ತು. ಟ್ಯಾಂಕು ಖಾಲಿ ಮಾಡಬೇಕಿತ್ತು. ಹುಡುಗ ಸ್ಪ್ಯಾನರು ಹಿಡಿದು ಸುಮ್ಮನೆ ಕುಳಿತ. "ತೆಗೆಯಲೇಬೇಕೇ, ಫಾದರ್?" ಎಂದ. "ನಿಮ್ಮಪ್ಪ ಇದನ್ನು ಹಾಕಿದ್ದು ದೀಪ ಬೆಳಗಲೆಂದು. ಈಗ ಇದರಿಂದ ದೀಪ ಬೆಳಗದು, ಮಗು" ಎಂದೆ. ಬಹಳ ಹೊತ್ತಿನ ಮೇಲೆ ಅವನೇ ತಿರುಪು ಸಡಿಲಿಸಿದ. ಹೊರಬಂದದ್ದು ಕಂದುಬಣ್ಣದ, ವಾರ್ನಿಷಿನಂತೆ ನಾರುವ ದ್ರವ. ಚರಂಡಿಗೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟೆವು.

ಕಾರ್ಬ್ಯುರೇಟರಿನ ಬಟ್ಟಲು ಬಿಚ್ಚಿದಾಗ ಕಾರಣ ಕಣ್ಣೆದುರಿಗಿತ್ತು. ನಿಂತ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದದ್ದು ಅಂಟಾಗಿ ತಳದಲ್ಲಿ ಗಟ್ಟಿಯಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನೂ ಹೀರಿಕೊಳ್ಳುವುದರಿಂದ ಒಳಗೆ ತುಕ್ಕು ಸೇರುತ್ತದೆ. ಫ್ಲೋಟನ್ನು ಹಿಡಿದಿರುವ ಸಣ್ಣ ಪಿನ್ನನ್ನು ಮೆಲ್ಲನೆ ತಳ್ಳಿ ತೆಗೆದೆವು. ಬಟ್ಟಲಿಗೆ ಪೆಟ್ರೋಲು ಬರುವುದನ್ನೂ ನಿಲ್ಲುವುದನ್ನೂ ನಿಯಂತ್ರಿಸುವ ಮೊನಚಾದ ಸೂಜಿ ಅದರೊಡನೆ ಬಂದಿತು. ಬಿಚ್ಚಿದ ಒಂದೊಂದು ತುಂಡನ್ನೂ ಅದೇ ಕ್ರಮದಲ್ಲಿ ಪಂಚೆಯ ಮೇಲೆ ಸಾಲಾಗಿ ಇಟ್ಟೆವು. ಹುಡುಗ ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದುಕೊಂಡ. ಜೆಟ್ಟನ್ನು ಬಿಚ್ಚಲು ಅದರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು. ಹಿತ್ತಾಳೆ ಮೃದು ಲೋಹ. ಅಳತೆ ತಪ್ಪಿದ ಉಪಕರಣ ಸೀಳನ್ನೇ ಸವೆಸಿಬಿಡುತ್ತದೆ.

ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ಆಚೆಗಿನ ಆಕಾಶ ಕಾಣಲಿಲ್ಲ. ಒಂದು ಮಿಲಿಮೀಟರಿಗಿಂತ ಕಿರಿದಾದ ರಂಧ್ರ ಪೂರ್ಣವಾಗಿ ಮುಚ್ಚಿಹೋಗಿತ್ತು. ಹುಡುಗ ಗುಂಡುಸೂಜಿ ತರಲು ಎದ್ದ, ತಡೆದೆ. ಉಕ್ಕಿನ ಸೂಜಿ ರಂಧ್ರವನ್ನು ಹಿಗ್ಗಿಸುತ್ತದೆ. ಹಿಗ್ಗಿದರೆ ಪೆಟ್ರೋಲು ಮಿತಿಮೀರಿ ಹರಿದು ಎಂಜಿನು ಕಪ್ಪು ಹೊಗೆ ಕಾರುತ್ತದೆ. ಆದ್ದರಿಂದ ಕ್ಲೀನರ್ ದ್ರವದಲ್ಲಿ ನೆನೆಸಿ ಕಾದೆವು. ಆಮೇಲೆ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ತೂರಿಸಿ, ಗಾಳಿ ಊದಿ, ಮತ್ತೆ ನೆನೆಸಿದೆವು. ಮೂರನೆಯ ಸಲ ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ಆಕಾಶ ಕಂಡಿತು. "ಕಾಣುತ್ತಿದೆ, ಫಾದರ್!" ಎಂದು ಅವನು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಪೇಟೆಯಿಂದ ತಂದ ಹೊಸ ಸೂಜಿ, ಹೊಸ ಗ್ಯಾಸ್ಕೆಟ್ ಜೋಡಿಸಿದೆವು. ಎಂಜಿನ್ ಆಯಿಲ್ ಬದಲಾಯಿಸಿ, ಟ್ಯಾಂಕು ತೊಳೆದು ಒಣಗಿಸಿ, ಹೊಸ ಪೆಟ್ರೋಲು ಹಾಕಿದೆವು. ಚೋಕ್ ಎಳೆದು ಹಗ್ಗ ಜಗ್ಗಿದ. ಮೂರು ಸಲ ಮೌನ. ನಾಲ್ಕನೆಯದಕ್ಕೆ ಕೆಮ್ಮಿತು. ಐದನೆಯದಕ್ಕೆ ಹತ್ತಿಕೊಂಡಿತು, ಚೋಕ್ ಬಿಟ್ಟ ಮೇಲೂ ನಿಲ್ಲಲಿಲ್ಲ. ಅಡುಗೆಮನೆಯಿಂದ ಅವನ ತಾಯಿ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಒಂದು ಮಾತೂ ಆಡಲಿಲ್ಲ. ಮಗನೂ ಆಡಲಿಲ್ಲ. ಆ ಸದ್ದಿನಲ್ಲಿ ಆಡಿದರೂ ಕೇಳುತ್ತಿರಲಿಲ್ಲ.

ಎರಡು ವಾರಗಳ ತರುವಾಯ, ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಾಯಿ ಮಗ ಇಬ್ಬರೂ ಒಟ್ಟಾಗಿ ಬಂದರು. "ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಅಣ್ಣನೊಬ್ಬ ಶಾಮಿಯಾನ ಅಂಗಡಿ ಶುರುಮಾಡಿದ್ದಾನೆ, ಫಾದರ್. ಅವನಿಗೆ ಕೊಡೋಣವೆಂದು ಅಮ್ಮನಿಗೆ ನಾನೇ ಹೇಳಿದೆ" ಎಂದ ಹುಡುಗ. ನನಗೆ ಆಶ್ಚರ್ಯವಾಯಿತು. ಯೋಚಿಸಿದಾಗ ಅರ್ಥವಾಯಿತು: ಅವನು ಯಂತ್ರವನ್ನು ಇಟ್ಟುಕೊಳ್ಳಲು ಹಟ ಹಿಡಿದಿರಲಿಲ್ಲ. ಅಪ್ಪನ ದುಡಿಮೆ ತಕ್ಕಡಿಯಲ್ಲಿ ಕಬ್ಬಿಣವಾಗಿ ತೂಗುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಅಷ್ಟನ್ನು ತಾಯಿಗೆ ಹೇಳಲು ಅವನಿಗೆ ಮಾತು ಸಿಕ್ಕಿರಲಿಲ್ಲ. ತಾಯಿಗೂ ಕೇಳಲು ಧೈರ್ಯವಾಗಿರಲಿಲ್ಲ.

ಓದುಗರೇ, ಮನುಷ್ಯನ ಮನಸ್ಸು ಕಾರ್ಬ್ಯುರೇಟರಲ್ಲ. ಅದನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಜೋಡಿಸಲಾಗದು. ಆದರೆ ಹರಿಯಬೇಕಾದದ್ದು ನಿಂತರೆ ಅಂಟಾಗುತ್ತದೆ ಎಂಬುದು ಎರಡಕ್ಕೂ ಸಲ್ಲುವ ಮಾತು. ಪ್ರೀತಿಯೂ ಹಾಗೆಯೇ. ಅಗಲಿದವರ ಮೇಲಿನ ಪ್ರೀತಿ ಪ್ರಾರ್ಥನೆಯಾಗಿ, ಅವರು ಮಾಡುತ್ತಿದ್ದ ಒಳಿತಿನ ಮುಂದುವರಿಕೆಯಾಗಿ ಹರಿಯಬೇಕು. ಮೃತರ ಸ್ಮರಣೆಗಾಗಿ ನವೆಂಬರ್ 2ರಂದು ನಾವು ಸಮಾಧಿಗಳ ಬಳಿ ದೀಪ ಹಚ್ಚುವುದು ಇದಕ್ಕಾಗಿಯೇ. ಇನ್ನು ಮನೆಯೊಳಗಿನ ಮೌನವನ್ನು ಸೂಜಿಯಿಂದ ಚುಚ್ಚಿ ತೆರೆಯಲು ಹೋದರೆ ಗಾಯ ದೊಡ್ಡದಾಗುತ್ತದೆ. ಮೊದಲು ನೆನೆಸಬೇಕು, ಕಾಯಬೇಕು, ಒಟ್ಟಿಗೆ ಕುಳಿತು ಕೈಕೆಲಸವೊಂದನ್ನು ಮಾಡಬೇಕು. ನಜರೇತಿನ ಬಡಗಿಯ ಮನೆಯಲ್ಲಿ ಪ್ರಭು ಯೇಸು ಬೆಳೆದದ್ದು ಅಂತಹ ಕೆಲಸದ ನಡುವೆಯೇ ಅಲ್ಲವೇ? ಕೆಟ್ಟದ್ದನ್ನೆಲ್ಲ ಎಸೆಯುವ ಸಂಸ್ಕೃತಿಯ ಬಗ್ಗೆ ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನಮ್ಮನ್ನು ಎಚ್ಚರಿಸಿದ್ದರು. ವಸ್ತುಗಳನ್ನು ಸುಲಭವಾಗಿ ಎಸೆಯುವ ಕೈ ಮನುಷ್ಯರನ್ನೂ ಸುಲಭವಾಗಿ ಬದಿಗೆ ಸರಿಸುತ್ತದೆ.

ಕೊನೆಯಲ್ಲೊಂದು ಗೃಹೋಪಯೋಗಿ ಮಾತು. ಪಂಪನ್ನೋ ಜನರೇಟರನ್ನೋ ತಿಂಗಳುಗಟ್ಟಲೆ ಬಳಸುವುದಿಲ್ಲವೆಂದಾದರೆ ಟ್ಯಾಂಕು ಖಾಲಿ ಮಾಡಿ, ಬಟ್ಟಲಿನಲ್ಲಿ ಉಳಿದದ್ದು ಮುಗಿದು ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಮೂಲೆಗಿಡಿ. ಹಾಗೆಯೇ, ರಾತ್ರಿಯ ಜಪಮಾಲೆ ಮುಗಿದ ಮೇಲೆ ಮನೆಯವರಲ್ಲಿ ಯಾರೊಡನೆಯಾದರೂ ಆಡದೆ ಉಳಿದ ಮಾತಿದ್ದರೆ, ಅದನ್ನು ಆಡಿಯೇ ಮಲಗಿ. ಪ್ರಭುವಿನ ಶಾಂತಿ ನಿಮ್ಮ ಮನೆಗಳಲ್ಲಿ ನೆಲೆಸಲಿ.