ಕಾವಲು ಸಾಲಿನ ಆಟಗಾರ

ಆಟವೆಂಬುದು ಬಿಡುವಿನ ವೇಳೆಯ ವಿನೋದವೆಂದು ನಮ್ಮ ಹಿರಿಯರು ಎಣಿಸಿದ್ದರು. ಈಗ ಅದೇ ಒಂದು ಕಸುಬಾಗಿರುವುದರಿಂದ, ಕಾಲ್ಚೆಂಡಿನ ಹುಚ್ಚು ಹಿಡಿದ ಮಗನುಳ್ಳ ಮನೆಗಳಲ್ಲಿ ಹೊಸದೊಂದು ಚಿಂತೆ ಹುಟ್ಟಿದೆ. ಇದರಿಂದ ಬಾಳು ಸಾಗೀತೆ ಎಂದು ನೆರೆಹೊರೆಯವರು ನಮ್ಮನ್ನೂ ಕೇಳುವುದುಂಟು. ಜಗತ್ಪ್ರಸಿದ್ಧರ ಚರಿತ್ರೆಯಿಂದ ಇದಕ್ಕೆ ಉತ್ತರ ದೊರೆಯದು. ಊರಿಂದೂರಿಗೆ ಹೋಗಿ ದುಡಿದ ಆಟಗಾರನೊಬ್ಬನ ಹಾದಿಯನ್ನು ನೋಡುವುದೇ ಲೇಸು. ಬೆಂಗಳೂರಿನವರು ಐದು ವರ್ಷ ಕಣ್ಣಾರೆ ಕಂಡ ಜಾನ್ ಜಾನ್ಸನ್ನರ ವೃತ್ತಾಂತವು ಇದಕ್ಕೆ ತಕ್ಕುದಾಗಿದೆ.

ಇವರು 1988ರಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋ ಪಟ್ಟಣದಲ್ಲಿ ಜನಿಸಿ, ಆ ಊರಿನ ಸಂಘದಲ್ಲಿಯೇ ಆಟವನ್ನು ಕಲಿತರು. ಆದರೆ ದೊಡ್ಡ ಸಂಘದ ಮೊದಲನೆಯ ತಂಡದಲ್ಲಿ ತರುಣರಿಗೆ ಸ್ಥಳ ದೊರೆಯುವುದು ದುರ್ಲಭ. ಆ ದೇಶದ ಅತ್ಯುನ್ನತ ಲೀಗಿನಲ್ಲಿ 20 ಸಂಘಗಳು, ಕೆಳಗಿನ ಮೂರು ಮೆಟ್ಟಿಲುಗಳಲ್ಲಿ ತಲಾ 24, ಒಟ್ಟು 92 ಸಂಘಗಳಿವೆ. ಮೇಲಿನವರು ತಮ್ಮ ತರುಣರನ್ನು ಕೆಳಗಿನವರಿಗೆ ಎರವಲು ಕೊಡುವುದು ವಾಡಿಕೆ. ನಾವು ಮದುವೆಮನೆಗೆ ಪಾತ್ರೆಗಳನ್ನು ಎರವಲು ಕೊಟ್ಟಂತೆ ಅಲ್ಲಿ ಮನುಷ್ಯರನ್ನೇ ಕೊಡುವರು! ಜಾನ್ಸನ್ನರು ಹೀಗೆ ಮೊದಲು ಟ್ರಾನ್‌ಮಿಯರ್ ರೋವರ್ಸ್ ಸಂಘಕ್ಕೂ, ಬಳಿಕ ನಾಲ್ಕನೆಯ ಮೆಟ್ಟಿಲಿನ ನಾರ್ಥಾಂಪ್ಟನ್ ಟೌನ್ ಸಂಘಕ್ಕೂ ಹೋಗಿ, ಕಡೆಗೆ ನಾರ್ಥಾಂಪ್ಟನ್ನಿನವರೇ ಆದರು. 2013ರ ಮೇ ತಿಂಗಳಲ್ಲಿ, ಒಂದು ಮೆಟ್ಟಿಲು ಮೇಲೇರಿಸಬಹುದಾಗಿದ್ದ ಪಂದ್ಯವನ್ನು ಆ ಸಂಘವು ವೆಂಬ್ಲಿಯಲ್ಲಿ ಬ್ರಾಡ್‌ಫರ್ಡಿನವರಿಗೆ 3-0ರಿಂದ ಸೋತಿತು. ಆ ವರ್ಷವೇ ಜಾನ್ಸನ್ನರು ಅಲ್ಲಿಂದ ಹೊರಟರು. ಆಗ ಅವರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಅದೇ ಜುಲೈ ತಿಂಗಳಲ್ಲಿ ಬೆಂಗಳೂರು ಎಫ್.ಸಿ. ಸಂಘವು ಸ್ಥಾಪಿತವಾಯಿತು. ಅದರ ಶಿಕ್ಷಕರಾದ ಆಷ್ಲಿ ವೆಸ್ಟ್‌ವುಡ್ಡರು ಹಿಂದೆ ನಾರ್ಥಾಂಪ್ಟನ್ನಿನ ಕಾವಲು ಸಾಲಿನಲ್ಲಿಯೇ ಆಡಿದವರು. ಜಾನ್ಸನ್ನರು ಇಲ್ಲಿಗೆ ಬಂದರು. ಸಂಘವು ಮೊದಲನೆಯ ವರ್ಷವೇ ಐ-ಲೀಗನ್ನು ಗೆದ್ದು, 2016ರಲ್ಲಿ ಮತ್ತೊಮ್ಮೆ ಗೆದ್ದಿತು. ಅದೇ ವರ್ಷ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು. ಅಲ್ಲಿಯವರೆಗೆ ಭಾರತದ ಯಾವ ಸಂಘಕ್ಕೂ ಆ ಭಾಗ್ಯ ಒದಗಿರಲಿಲ್ಲ.

ಕಂಠೀರವ ಕ್ರೀಡಾಂಗಣದಲ್ಲಿ ಕುಳಿತಾಗ ಜನರ ಕಣ್ಣೆಲ್ಲ ಚೆಂಡಿನ ಮೇಲೆ ಇರುತ್ತಿದ್ದಿತು. ನಾವು ಮಾತ್ರ ಆಗಾಗ ಕಾವಲು ಸಾಲಿನತ್ತ ತಿರುಗುತ್ತಿದ್ದೆವು. ಚೆಂಡು ದೂರವಿರುವಾಗಲೇ ಅವರ ಕೆಲಸ ಮೊದಲಾಗುವುದು. ಸಾಲಿನವರೆಲ್ಲರೂ ಒಂದೇ ನೇರದಲ್ಲಿ ಮುಂದೆ ಸರಿದರೆ, ಹಿಂದೆ ನಿಂತ ಎದುರಾಳಿಯು ಆಫ್‌ಸೈಡ್ ನಿಯಮಕ್ಕೆ ಸಿಕ್ಕಿಬೀಳುವನು. ಒಬ್ಬನು ಒಂದು ಹೆಜ್ಜೆ ಹಿಂದುಳಿದರೂ ಆತನು ನಿರಾತಂಕವಾಗಿ ನುಗ್ಗುವನು. ಹೀಗೆ ತಪ್ಪಿಸಿದ ಗೋಲುಗಳನ್ನು ಯಾರೂ ಎಣಿಸರು. ತಪ್ಪಿಸಲಾಗದ ಒಂದನ್ನು ಎಲ್ಲರೂ ನೆನೆವರು. ಗೃಹಿಣಿಯು ದಿನವೂ ತಪ್ಪಿಸುವ ಅನರ್ಥಗಳನ್ನು ಮನೆಯಲ್ಲಿ ಲೆಕ್ಕವಿಟ್ಟವರಾರು?

2018ರ ಮಾರ್ಚ್ 17ರಂದು ಇದೇ ಕ್ರೀಡಾಂಗಣದಲ್ಲಿ ಐ.ಎಸ್.ಎಲ್. ಪ್ರಶಸ್ತಿಯನ್ನು ಚೆನ್ನೈಯವರು 3-2ರಿಂದ ಕೊಂಡೊಯ್ದರು. ಅವರ ಮೂರು ಗೋಲುಗಳಲ್ಲಿ ಎರಡನ್ನು ತಲೆಯಿಂದ ಹೊಡೆದವರು ಅವರ ಕಾವಲು ಸಾಲಿನ ಮೈಲ್ಸನ್ ಆಲ್ವೆಸ್ಸರೇ! ಆ ವರ್ಷವೇ ಜಾನ್ಸನ್ನರು ಕಲ್ಕತ್ತೆಯ ಸಂಘಕ್ಕೆ ತೆರಳಿದರು. ಮತ್ತೆ ಹೊಸ ಊರು, ಹೊಸ ಕರಾರು.

ಈ ಕಸುಬಿನಲ್ಲಿ ಹೊಟ್ಟೆ ತುಂಬುವುದು, ಆದರೆ ನೆಲೆ ನಿಲ್ಲದು. ಕರಾರು ಕೆಲವೇ ವರ್ಷಗಳದು, ದೇಹವೇ ಮೂಲಧನ, ಒಂದು ಮೊಣಕಾಲು ಕೆಟ್ಟರೆ ಅಂಗಡಿ ಮುಚ್ಚಿತು. ಇತರರು ಏಳಿಗೆಗೆ ಬರುವ ವಯಸ್ಸಿಗೆ ಆಟಗಾರನು ನಿವೃತ್ತನಾಗುವನು. ಆದುದರಿಂದ ಮಗನು ಆಡಲಿ, ಓದನ್ನು ಮಾತ್ರ ಬಿಡದಿರಲಿ. ವೆಸ್ಟ್‌ವುಡ್ಡರಂತೆ ಆಟದಿಂದಲೇ ಎರಡನೆಯ ವೃತ್ತಿಯನ್ನು ಸಂಪಾದಿಸುವುದೂ ಒಂದು ಮಾರ್ಗ. ಇವೆಲ್ಲಕ್ಕೂ ಮೊದಲು ತಂದೆತಾಯಿಗಳು ಅವನನ್ನು ಕೇಳಬೇಕಾದುದು ಒಂದುಂಟು: ಚಪ್ಪಾಳೆಯಿಲ್ಲದ ದಿನವೂ ಈ ಕೆಲಸವು ನಿನಗೆ ಪ್ರಿಯವಾಗಿರುವುದೆ? ಹೌದೆಂದು ನಿಜವಾಗಿ ಹೇಳಬಲ್ಲ ಹುಡುಗನನ್ನು ತಡೆಯುವುದು ನಮಗೆ ಸರಿದೋರದು.