ಸತ್ಯನಾರಾಯಣಪೇಟೆಯ ಕೈಚೀಲ

ರೈಲಿನಲ್ಲಿ ಬಳ್ಳಾರಿಗೆ ಬರುವವರ ಕಣ್ಣಿಗೆ ಊರಿಗಿಂತ ಮೊದಲು ಬೀಳುವುವು ಊರಿನ ಗುಡ್ಡಗಳು. ಬೋಳುಬಂಡೆಯ ಮೇಲೆ ಕೋಟೆ. ಊರು ದಾಟಿದರೆ ಕಪ್ಪುಮಣ್ಣಿನ ಹೊಲಗಳು. ಹೊಲಗಳಲ್ಲಿ ಜೋಳ, ಹತ್ತಿ, ಮೆಣಸಿನಕಾಯಿ. ೧೯೫೩ರ ಅಕ್ಟೋಬರ್ ೧ರಂದು ಮದರಾಸು ರಾಜ್ಯವನ್ನು ಬಿಟ್ಟು ಮೈಸೂರನ್ನು ಕೂಡಿಕೊಂಡ ಈ ಊರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕಲೆತು ವ್ಯಾಪಾರ ನಡೆಸುತ್ತವೆ. ಆ ವ್ಯಾಪಾರದ ನಿತ್ಯದ ಮುಖವನ್ನು ನೋಡಬೇಕೆನ್ನುವವರು ಸತ್ಯನಾರಾಯಣಪೇಟೆಯ ಬೀದಿಗಳಲ್ಲಿ ಒಂದು ಸಂಜೆ ಅಡ್ಡಾಡಿದರೆ ಸಾಕು.

ಇದು ಓದುಬರಹ ಬಲ್ಲವರ ಬಡಾವಣೆ. ನೌಕರರು, ವೈದ್ಯರು, ವಕೀಲರು, ವರ್ತಕರು ಇಲ್ಲಿ ಮನೆ ಮಾಡಿಕೊಂಡಿದ್ದಾರೆ. ದೀಪ ಹೊತ್ತುವ ವೇಳೆಗೆ ತರಕಾರಿಯ ಗಾಡಿಗಳು, ಹೂವಿನ ಬುಟ್ಟಿಗಳು, ಮಿರ್ಚಿ-ಒಗ್ಗರಣೆಯ ಬಾಣಲೆಗಳು ಬೀದಿಗೆ ಕಳೆ ತರುತ್ತವೆ. ಆಗ ಕೊಳ್ಳುವವರ ಕೈಗಳನ್ನು ಗಮನಿಸಬೇಕು. ಕೆಲವರ ಕೈಯಲ್ಲಿ ಬಟ್ಟೆಯ ಚೀಲ. ಹಲವರ ಕೈ ಬರಿದು. ಬರಿಗೈಯಲ್ಲಿ ಬಂದವರು ಹಿಂದಿರುಗುವಾಗ ಬೆರಳಿಗೊಂದರಂತೆ ತೆಳುವಾದ ಪ್ಲಾಸ್ಟಿಕ್ ಚೀಲಗಳು ಜೋತಾಡುತ್ತಿರುತ್ತವೆ. ಒಂದರಲ್ಲಿ ಕೊತ್ತಂಬರಿ, ಮತ್ತೊಂದರಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಮಲ್ಲಿಗೆಯ ಮೊಳ. ಕಾನೂನಿನ ಪ್ರಕಾರ ಇವು ಇರಲೇಕೂಡದು.

ಈ ಚೀಲ ಬಹಳ ಹಳೆಯದೇನಲ್ಲ. ಅದರ ಮೂಲವಸ್ತುವಾದ ಪಾಲಿಥೀನ್ ೧೯೩೩ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆಯಿತು. ಒಂದೇ ಹಾಳೆಯಿಂದ ಹಿಡಿಕೆಸಹಿತ ಚೀಲ ಮಾಡುವ ಬಗೆಯನ್ನು ೧೯೬೦ರ ದಶಕದಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್ ರೂಪಿಸಿದರು. ಅದಕ್ಕೆ ಮುಂಚೆ ಬಳ್ಳಾರಿಯ ಗೃಹಸ್ಥರು ಸಾಮಾನನ್ನು ಹೊರದೆ ಇದ್ದರೇ? ಕಿರಾಣಿಗೆ ಕಾಗದದ ಪೊಟ್ಟಣವೂ ನೂಲಿನ ಕಟ್ಟೂ ಇದ್ದವು, ಹೂವಿಗೆ ಬಾಳೆಯೆಲೆಯಿತ್ತು, ಎಣ್ಣೆಗೆ ಮನೆಯಿಂದಲೇ ಪಾತ್ರೆ ಹೋಗುತ್ತಿತ್ತು. ಪೇಟೆಗೆ ಹೆಸರು ಕೊಟ್ಟ ಸತ್ಯನಾರಾಯಣಸ್ವಾಮಿಯ ಪ್ರಸಾದ, ಅಂದರೆ ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಬೆರೆತ ಆ ಸಪಾದ, ಮುತ್ತುಗದ ದೊನ್ನೆಯಲ್ಲಿ ಬಂಧುಗಳ ಮನೆ ಸೇರುತ್ತಿತ್ತು. ಇವೆಲ್ಲವೂ ತಿಪ್ಪೆಗೆ ಬಿದ್ದರೆ ಮಳೆಗಾಲ ಕಳೆಯುವುದರೊಳಗೆ ಮಣ್ಣಾಗುತ್ತಿದ್ದವು.

ಕರ್ನಾಟಕ ಸರ್ಕಾರವು ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೨೦೧೬ರ ಮಾರ್ಚ್ ೧೧ರಂದು ಅಧಿಸೂಚನೆ ಹೊರಡಿಸಿ, ದಪ್ಪ ತೆಳುವೆಂಬ ಭೇದವೆಣಿಸದೆ ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಷೇಧಿಸಿತು. ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಊಟದ ಮೇಜಿನ ಹಾಳೆ ಕೂಡ ಆ ಪಟ್ಟಿಯಲ್ಲಿ ಸೇರಿದವು. ಹಾಲಿನ ಪೊಟ್ಟಣಕ್ಕೂ ಸಸಿ ಬೆಳೆಸುವ ಚೀಲಕ್ಕೂ ವಿನಾಯಿತಿ ದೊರೆಯಿತು. ಕೇಂದ್ರ ಸರ್ಕಾರದ ದಾರಿ ಬೇರೆಯಾಗಿತ್ತು. ಅದು ಚೀಲವನ್ನು ನಿಷೇಧಿಸದೆ ಅದರ ದಪ್ಪಕ್ಕೆ ಮಿತಿ ಹಾಕಿತು. ೨೦೧೬ರಲ್ಲಿ ೫೦ ಮೈಕ್ರಾನ್, ೨೦೨೧ರ ಸೆಪ್ಟೆಂಬರ್ ೩೦ರಿಂದ ೭೫, ೨೦೨೨ರ ಡಿಸೆಂಬರ್ ೩೧ರಿಂದ ೧೨೦. ಇದರ ಹಿಂದಿನ ತರ್ಕ ಸರಳವಾದುದು. ತೆಳುಚೀಲಗಳು ಕಿಲೋ ತೂಗಬೇಕಾದರೆ ನೂರಾರು ಬೇಕು; ಚಿಂದಿ ಆಯುವವರಿಗೆ ಬಗ್ಗಿ ಎತ್ತಿದ ಶ್ರಮವೂ ಗಿಟ್ಟದು. ದಪ್ಪಚೀಲಕ್ಕೆ ಗುಜರಿಯಲ್ಲಿ ಬೆಲೆಯುಂಟು, ಅಂಗಡಿಯವನೂ ಅದನ್ನು ಪುಕ್ಕಟೆ ಕೊಡಲಾರ. ಆದರೆ ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಗಾಡಿಯ ಮುಂದೆ ನಿಂತ ತರಕಾರಿಯವಳು ಅದನ್ನು ಯಾವ ಕಣ್ಣಿನಿಂದ ಅಳೆಯಬೇಕು?

ವಾದದ ತಿರುಳು ಇಲ್ಲಿಯೇ ಇದೆ. ನಗರಸಂಸ್ಥೆಯ ಸಿಬ್ಬಂದಿ ದಾಳಿಗೆ ಬಂದಾಗ ಮೊದಲು ಸಿಕ್ಕುವವರು ಬೀದಿಯ ವ್ಯಾಪಾರಿಗಳು. ಅವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಚೀಲ ಕೊಡದಿದ್ದರೆ ಗಿರಾಕಿ ಪಕ್ಕದ ಗಾಡಿಗೆ ಸರಿಯುತ್ತಾನೆ. ಕೊಟ್ಟರೆ ಒಂದು ದಂಡದಲ್ಲಿ ದಿನದ ಲಾಭ ಕರಗುತ್ತದೆ. ಚೀಲ ತಯಾರಿಸಿದವನು, ಮೂಟೆಗಟ್ಟಲೆ ಸಾಗಿಸಿದವನು, ಸಗಟಿನಲ್ಲಿ ಮಾರಿದವನು ಇವರಾರೂ ಬೀದಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೇಳಿ ಪಡೆದ ಗಿರಾಕಿಯಂತೂ ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾನೆ. ನಿಷೇಧವು ಮೂವರ ಮೇಲೂ ಇರುವಾಗ ಶಿಕ್ಷೆ ಎಲ್ಲರಿಗಿಂತ ಬಡವನ ಮೇಲೆಯೇ ಬೀಳುವುದಾದರೆ ಕಾನೂನಿನ ಗೌರವ ಉಳಿಯದು.

ಹಾಗೆಂದು ನಿಷೇಧವೇ ಅನವಶ್ಯಕವೆನ್ನಲಾದೀತೇ? ಬಯಲುಸೀಮೆಯ ಮಳೆ ಅಪರೂಪದ ಅತಿಥಿ; ಬಂದಾಗ ಮಾತ್ರ ಅಬ್ಬರಿಸಿ ಬರುತ್ತದೆ. ಚರಂಡಿಯ ಬಾಯಿಗೆ ನಾಲ್ಕು ಚೀಲ ಅಡ್ಡ ಬಿದ್ದರೆ ನೀರು ಬೀದಿಗೆ ನುಗ್ಗುತ್ತದೆ. ಬಾಂಗ್ಲಾದೇಶವು ೨೦೦೨ರಲ್ಲಿ ತೆಳುಚೀಲಗಳನ್ನು ನಿಷೇಧಿಸಿದ್ದು ಇದೇ ಅನುಭವದಿಂದ: ಅಲ್ಲಿನ ಮಹಾಪೂರಗಳ ಕಾಲದಲ್ಲಿ ಪಾಲಿಥೀನ್ ಕಟ್ಟಿಕೊಂಡ ಚರಂಡಿಗಳು ನೀರನ್ನು ಹೊರಗೆ ಬಿಡಲಿಲ್ಲ.

ಮತ್ತೊಂದು ಉದಾಹರಣೆ ಬಳ್ಳಾರಿಗೆ ತೀರ ಹತ್ತಿರದ್ದು. ನೆರೆಯ ಆಂಧ್ರದ ಪುಟ್ಟಪರ್ತಿಯಲ್ಲಿರುವ ಕರುಣಾ ಸೊಸೈಟಿಯವರು ಬೀದಿಯ ದನಗಳಿಗೆ ಶಸ್ತ್ರಚಿಕಿತ್ಸೆ ನಡೆಸಿದಾಗ ಅವುಗಳ ಹೊಟ್ಟೆಯಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರಬಂತು. ಅವರು ೨೦೧೨ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಉಳಿದ ಅನ್ನವನ್ನು ಚೀಲದಲ್ಲಿ ಗಂಟು ಕಟ್ಟಿ ಎಸೆಯುವುದು ನಗರದವರ ರೂಢಿ. ಹಸುವಿಗೆ ಗಂಟು ಬಿಚ್ಚಲು ಬಾರದು; ಅನ್ನದ ವಾಸನೆಗೆ ಮರುಳಾಗಿ ಚೀಲಸಮೇತ ನುಂಗುತ್ತದೆ. ಅನ್ನ ಕರಗುತ್ತದೆ, ಚೀಲ ಮಾತ್ರ ಒಂದಕ್ಕೊಂದು ಹೆಣೆದುಕೊಂಡು ಮೆಲುಕುಹೊಟ್ಟೆಯಲ್ಲೇ ಉಳಿಯುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಹಸಿವಿನಿಂದ ಸಾಯುತ್ತದೆ. ಬಾಗಿಲಿಗೆ ಬಂದ ಹಸುವಿಗೆ ಬಾಳೆಹಣ್ಣು ಕೊಟ್ಟು ಕಣ್ಣಿಗೊತ್ತಿಕೊಳ್ಳುವ ಮನೆಯಿಂದಲೇ ಈ ಗಂಟೂ ಹೊರಬೀಳುತ್ತದೆಂಬುದು ಆಲೋಚಿಸತಕ್ಕ ವಿಷಯ.

ನಿಷೇಧ ಬಂದ ಮೇಲೆ ಅಂಗಡಿಗಳಲ್ಲಿ ಬಟ್ಟೆಯಂತೆ ತೋರುವ ಬಣ್ಣಬಣ್ಣದ ಚೀಲಗಳು ಕಾಣಿಸಿಕೊಂಡವು. ಬಟ್ಟೆಯೆಂದು ನಂಬಿ ಕೊಳ್ಳುವವರು ಬಹಳ. ವಾಸ್ತವವಾಗಿ ಅದು ನೇಯ್ದದ್ದಲ್ಲ, ಶಾಖದಿಂದ ಅಂಟಿಸಿದ್ದು. ನೂಲಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ. ಬೆಂಕಿಯ ಬಳಿ ಹಿಡಿದರೆ ಹತ್ತಿಯ ಹಾಗೆ ಬೂದಿಯಾಗದೆ ಕರಗಿ ಮಣಿಯಾಗುತ್ತದೆ.

ನಿಜವಾದ ಹತ್ತಿಯ ಚೀಲವೂ ಪುಕ್ಕಟೆಯ ಪುಣ್ಯವಲ್ಲ. ಹತ್ತಿಗೆ ನೀರು ಬೇಕು, ಗೊಬ್ಬರ ಬೇಕು, ಔಷಧಿ ಬೇಕು. ಇಂಗ್ಲೆಂಡಿನ ಪರಿಸರ ಇಲಾಖೆ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾತಾವರಣವನ್ನು ಬಿಸಿಮಾಡುವ ಲೆಕ್ಕ ಹಿಡಿದರೆ ಹತ್ತಿಯ ಚೀಲವನ್ನು ೧೩೧ ಸಲ ಬಳಸಿದಾಗ ಮಾತ್ರ ಅದು ಒಮ್ಮೆ ಬಳಸಿ ಎಸೆವ ತೆಳುಚೀಲಕ್ಕೆ ಸಮನಾಗುತ್ತದೆಂದು ತೋರಿಸಲಾಗಿದೆ. ವಾರಕ್ಕೆರಡು ಸಂತೆಯಾದರೆ ಒಂದೂಕಾಲು ವರ್ಷ. ಪ್ರತಿ ಸಮಾರಂಭದಲ್ಲೂ ಹೊಸ ಚೀಲ ಹಂಚಿ ಬೀರುವಿನಲ್ಲಿ ರಾಶಿ ಹಾಕುವುದು ಮದ್ದಲ್ಲವೆಂದಾಯಿತು.

ಇಲ್ಲಿ ಬಳ್ಳಾರಿಗೆ ಬೇರೆ ಊರುಗಳಿಗಿಲ್ಲದ ಒಂದು ಅನುಕೂಲವುಂಟು. ಇದು ಜೀನ್ಸ್ ಉಡುಪಿಗೆ ದೇಶದಲ್ಲೆಲ್ಲ ಹೆಸರಾದ ಊರು. ಹೊಲಿಗೆಯ ಮನೆಗಳಲ್ಲಿ ಕತ್ತರಿಯ ಕೆಳಗೆ ಬೀಳುವ ತುಂಡುಗಳು, ಮೊಣಕಾಲು ಹರಿದು ಮೂಲೆ ಸೇರಿದ ಷರಾಯಿಗಳು ಇವಕ್ಕೆ ಬೆಳೆದ ನೀರಿನ ಋಣ ಆಗಲೇ ಸಂದುಹೋಗಿದೆ. ಹಳೆಯ ಷರಾಯಿಯ ಒಂದು ಕಾಲಿಗೆ ತಳ ಹೊಲಿದು ಎರಡು ಹಿಡಿ ಹಚ್ಚಿದರೆ ಐದು ಕಿಲೋ ಜೋಳ ಹೊರುವ ಚೀಲ ಸಿದ್ಧ. ಅದು ಹತ್ತು ವರ್ಷ ಹರಿಯದು. ಹೊಲಿಗೆ ಬಲ್ಲ ಹೆಂಗಸರಿಗೆ ಅದರಿಂದ ನಾಲ್ಕು ಕಾಸೂ ದೊರೆತೀತು.

ಆದರೂ ಚೀಲ ಹೊಲಿದ ಮಾತ್ರಕ್ಕೆ ಅದು ಪೇಟೆಗೆ ತಾನಾಗಿ ನಡೆದು ಬರುವುದಿಲ್ಲ. ಐರ್ಲೆಂಡಿನಲ್ಲಿ ೨೦೦೨ರ ಮಾರ್ಚಿನಲ್ಲಿ ಚೀಲವನ್ನು ನಿಷೇಧಿಸಲಿಲ್ಲ. ಒಂದಕ್ಕೆ ೧೫ ಸೆಂಟ್ ಸುಂಕ ಹಾಕಿ ಅದನ್ನು ಅಂಗಡಿಯವನಲ್ಲ, ಗಿರಾಕಿಯೇ ತೆರಬೇಕೆಂದು ಮಾಡಿದರು. ತಲೆಗೆ ವರ್ಷಕ್ಕೆ ೩೨೮ ಇದ್ದ ಬಳಕೆ ೨೧ಕ್ಕೆ ಇಳಿಯಿತು. ಜನ ಬಡವರಾಗಿ ಬಿಡಲಿಲ್ಲ. ಕೇಳಿ ಪಡೆಯುವುದಕ್ಕೊಂದು ಬೆಲೆಯಿದೆಯೆಂದು ತಿಳಿದಾಗ ಮನೆಯಿಂದ ಚೀಲ ತಂದರು.

ಕರ್ನಾಟಕದ ಕಾನೂನು ಅದಕ್ಕಿಂತ ಕಠಿನವಾದುದು. ಆದರೆ ಅದರ ಭಾರ ಹೊರುವವನು ಮಾರುವವನು. ಕಾರ್ಖಾನೆಯ ಬಾಗಿಲಲ್ಲಿ ಚೀಲವನ್ನು ತಡೆಯುವುದು ಸರ್ಕಾರದ ಕೆಲಸ. ಗಾಡಿಯ ಮುಂದೆ ಅದನ್ನು ಕೇಳದಿರುವುದು ಸತ್ಯನಾರಾಯಣಪೇಟೆಯಂಥ ಬಡಾವಣೆಯ ಕೆಲಸ. ಪತ್ರಿಕೆ ಓದುವವರು, ಕಾನೂನು ಬಲ್ಲವರು, ಮಕ್ಕಳಿಗೆ ಪರಿಸರದ ಪಾಠ ಹೇಳಿಸುವವರು ಇಲ್ಲಿ ಇದ್ದಾರೆ. ಇಲ್ಲಿನ ಗಿರಾಕಿಗಳು ಕೈಚೀಲ ಹಿಡಿದು ಬಂದರೆ ತರಕಾರಿಯವಳು ಗಾಡಿಯ ಕೆಳಗೆ ಪ್ಲಾಸ್ಟಿಕ್ಕಿನ ಕಟ್ಟನ್ನು ಬಚ್ಚಿಡಬೇಕಾದ ಪ್ರಮೇಯವೇ ಇರದು. ನಾಲ್ಕು ಕಾಸು ಅವಳಿಗೂ ಉಳಿಯುತ್ತದೆ. ದಂಡದ ರಸೀತಿಗೆ ಸಾಧ್ಯವಾಗದ್ದು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಒಂದು ಚೀಲಕ್ಕೆ ಸಾಧ್ಯವಾದೀತು.