ನಮ್ಮೂರ ಪಕ್ಕದ ರಸ್ತೆ ಶ್ರೀನಗರಕ್ಕೆ ಹೋಗುತ್ತೆ!

ಹೊಸತೊಡಕಿನ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ವಿ. ನಮ್ಮ ಯಜಮಾನರು ಮೊಬೈಲ್‌ನಲ್ಲಿ ಮ್ಯಾಪ್ ತೆಗೆದು, "ಜೂನ್‌ನಲ್ಲಿ ಕಾರಲ್ಲೇ ಲಡಾಖ್‌ಗೆ ಹೋಗಿಬರೋಣ್ವಾ?" ಅಂದರು. ನನಗೆ ನಗು ಬಂತು. ಕೆಂಚಾರ್ಲಹಳ್ಳಿ ಎಲ್ಲಿ, ಲಡಾಖ್ ಎಲ್ಲಿ! ಮಾವ ಮಾತ್ರ ನಗಲಿಲ್ಲ. "ದಾರಿಗೇನಮ್ಮಾ, ಚಿಕ್ಕಬಳ್ಳಾಪುರದ ಹತ್ರ ಹೈವೇ ಹತ್ತಿದ್ರೆ ಅದೇ ರೋಡು ಶ್ರೀನಗರಕ್ಕೆ ಹೋಗುತ್ತೆ" ಅಂದರು.

ನಿಜವೇ. ಕನ್ಯಾಕುಮಾರಿಯಿಂದ ಶ್ರೀನಗರದವರೆಗಿನ 44ನೇ ಹೆದ್ದಾರಿ ನಮ್ಮ ಜಿಲ್ಲೆಯಲ್ಲೇ ಹಾದುಹೋಗುತ್ತೆ. 2010ರಲ್ಲಿ ನಂಬರ್ ಬದಲಾಗುವ ಮೊದಲು ನಮ್ಮ ಕಡೆ ಅದು 7ನೇ ಹೆದ್ದಾರಿ. ಆ ರಸ್ತೆಯಲ್ಲಿ ಮಾವ ವರ್ಷಗಟ್ಟಲೆ ಟೊಮೆಟೊ ಲಾರಿ ಓಡಿಸಿದವರು. ನಾಗಪುರದಲ್ಲಿ ಲೋಡ್ ಇಳಿಸಿ ವಾಪಸ್. ಅದರಾಚೆ ಒಮ್ಮೆಯೂ ಹೋಗಿಲ್ಲ.

ಅಂದಿನಿಂದ ಲೆಕ್ಕಾಚಾರ ಶುರು. ಶ್ರೀನಗರಕ್ಕೆ ಸುಮಾರು 3,000 ಕಿ.ಮೀ. ದಿನಕ್ಕೆ 500 ಕಿ.ಮೀ. ಮೀರಬಾರದು, ಕತ್ತಲಾದ ಮೇಲೆ ಗಾಡಿ ಓಡಿಸಬಾರದು ಅನ್ನೋದು ಮಾವನ ಕಟ್ಟಪ್ಪಣೆ. ಹಾಗಾಗಿ ಹೈದರಾಬಾದ್, ನಾಗಪುರ, ಸಾಗರ್, ಆಗ್ರಾ, ಅಂಬಾಲ, ಜಮ್ಮು ಹೀಗೆ ಒಂದೊಂದು ರಾತ್ರಿ ತಂಗಿ ಏಳನೇ ದಿನ ಶ್ರೀನಗರ. ಜಮ್ಮುವಿನಿಂದಾಚೆ ಮಳೆ ಬಂದರೆ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತೆ, ಅದಕ್ಕೆ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೆವು. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಒಂದನ್ನು ಪೋಸ್ಟ್‌ಪೇಯ್ಡ್ ಮಾಡಿಸಿದ್ವಿ. ಎಲ್ಲಕ್ಕಿಂತ ದೊಡ್ಡ ಲೆಕ್ಕ ರೇಷ್ಮೆದು. ಈ ಬೆಳೆಯ ಗೂಡನ್ನು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹಾಕಿ, ಮುಂದಿನ ಚಾಕಿ ಹುಳ ತರುವ ಮುಂಚೆ ಹೋಗಿಬರಬೇಕು. ಹಸುಗಳನ್ನು ನೋಡಿಕೊಳ್ಳೋಕೆ ನಾದಿನಿ ಬಂದಿರ್ತಾಳೆ.

ತೊಡಕು ಬಂದದ್ದು ಬೇರೆ ಕಡೆಯಿಂದ. ಎರಡು ವರ್ಷದ ಹಿಂದೆ ಮಾವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಡಾಕ್ಟರನ್ನು ಕೇಳಿದರೆ, "ಶ್ರೀನಗರ ಪರವಾಗಿಲ್ಲ, ಲೇಹ್ ಬೇಡ" ಅಂದುಬಿಟ್ಟರು. ಮನೆಗೆ ಬಂದು ಎತ್ತರ ಹುಡುಕಿದೆ. ನಮ್ಮ ನಂದಿಬೆಟ್ಟ 1,478 ಮೀಟರ್, ಶ್ರೀನಗರ 1,600ರ ಆಸುಪಾಸು. ಹೆಚ್ಚುಕಡಿಮೆ ನಂದಿಬೆಟ್ಟವೇ! ಲೇಹ್ ಮಾತ್ರ 3,500 ಮೀಟರ್. ಹೋಗುವ ದಾರಿಯಲ್ಲಿ ಫೋಟುಲಾ 4,100 ದಾಟುತ್ತೆ. ಗಾಳಿ ತೆಳುವಾಗಿ, ಗಟ್ಟಿ ಆಳುಗಳಿಗೂ ಉಸಿರು ಕಟ್ಟುವ ಜಾಗ.

ಮನೆಯಲ್ಲಿ ಎರಡು ದಿನ ಮಾತಿಲ್ಲ. ಮಾವ, "ನನ್ನ ಬಿಟ್ಟು ಹೋಗಿಬನ್ನಿ, ನನಗೋಸ್ಕರ ನೀವ್ಯಾಕೆ ನಿಲ್ಲಬೇಕು?" ಅಂದರು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ಲೇಹ್ ನೋಡೋ ಆಸೆ ನನಗೂ ಇತ್ತು.

ಮೂರನೇ ದಿನ ರಾತ್ರಿ ಯಜಮಾನರು ಪಟ್ಟಿ ತೆಗೆದು ಲೇಹ್ ಅನ್ನೋದರ ಮೇಲೆ ಗೀಟು ಎಳೆದರು. "ಬೆಟ್ಟ ಎಲ್ಲಿಗೂ ಹೋಗಲ್ಲ, ಇನ್ನೊಮ್ಮೆ ನೋಡಿದರಾಯ್ತು. ಅಪ್ಪನ ಜೊತೆ ಆ ರಸ್ತೆ ಮುಗಿಸೋದು ಈಗಲೇ ಆಗಬೇಕು" ಅಂದರು. ನನಗೂ ಅದೇ ಸರಿ ಅನ್ನಿಸಿತು.

ಈಗ ಮಾವನ ಮಾತ್ರೆ ಡಬ್ಬಿ, ಉಣ್ಣೆ ಶಾಲು, ಅತ್ತೆಯ ಚಟ್ನಿಪುಡಿ ಎಲ್ಲ ಒಂದು ಕಡೆ ಸೇರುತ್ತಿವೆ. ಕಾರು ಸರ್ವೀಸ್ ಆಗಿ ಬಂದಿದೆ. ಸ್ಟೆಪ್ನಿಗೆ ಗಾಳಿ ಹಾಕಿಸಿದ್ದೀರಾ ಅಂತ ಮಾವ ದಿನಾ ಕೇಳ್ತಾರೆ. ನಿನ್ನೆ ಇನ್ನೊಂದು ಷರತ್ತು ಹಾಕಿದರು:

"ನಾಗಪುರದವರೆಗೆ ಯಾರಾದ್ರೂ ಎಲ್ಲಾದ್ರೂ ಕೂತ್ಕೊಳ್ಳಿ. ಅದು ದಾಟಿದ ಮೇಲೆ ಮುಂದಿನ ಸೀಟು ನಂದು."